ಕೈ ನಿಲ್ಲದ ತಿಂಡಿ

ನಾಲಿಗೆರಾಯ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆಯವರು ಕೊಟ್ಟ ಬಿರುದು. ಮಕ್ಕಳ ಪೊಟ್ಟಣದ ತಿಂಡಿ ಮಾಡುವ ಆ ಕಾರ್ಖಾನೆಯ ರುಚಿಕೋಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಅವನು ಕೂತು ತಿನ್ನುತ್ತಿದ್ದ. ತಿನ್ನುವುದೇ ಕೆಲಸ. ಬಿಳಿ ಗೋಡೆ, ಬಿಳಿ ಕೋಟು, ಉದ್ದನೆಯ ಮೇಜು, ಮೇಜಿನ ಮೇಲೆ ಅಂಕಿ ಅಂಟಿಸಿದ ಇಪ್ಪತ್ತು ಬಟ್ಟಲು. ಒಂದೊಂದರಿಂದ ಒಂದು ತುಣುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು, ಪಕ್ಕದ ತೊಟ್ಟಿಗೆ ಉಗಿದು, ಬೆಚ್ಚಗಿನ ನೀರು ಮುಕ್ಕಳಿಸಿ, "ಏಳನೆಯದಕ್ಕೆ ಹುಳಿ ಸಾಲದು, ಹನ್ನೊಂದನೆಯದು ಅಗಿದರೆ ಸದ್ದು ಮಂಕು" ಎಂದು ಬರೆಯುತ್ತಿದ್ದ. ನುಂಗುವಂತಿಲ್ಲ. ನುಂಗಿದರೆ ಮುಂದಿನ ಬಟ್ಟಲಿನ ರುಚಿ ಕೆಡುತ್ತದೆ. ಹಾಗಾಗಿ ಅವನು ಮಾಡಿದ ತಿಂಡಿಯನ್ನು ನುಂಗದೆ ಉಳಿದವನು ಬಹುಶಃ ಊರಿಗೆಲ್ಲ ಅವನೊಬ್ಬನೇ.

ಅವನ ಕೈಚಳಕದ ತುತ್ತತುದಿ ಎಂದರೆ 'ಢಮಾರ್'. ಕೇಸರಿ ಬಣ್ಣದ, ನಕ್ಷತ್ರದ ಆಕಾರದ, ಒಳಗೆ ಬರೀ ಗಾಳಿ ತುಂಬಿದ ಒಂದು ಪದಾರ್ಥ. ಬಾಯಿಗೆ ಹಾಕಿದರೆ ಕಿವಿಗೆ ಕೇಳುವ ಹಾಗೆ ಒಡೆಯಬೇಕು, ಕ್ಷಣದಲ್ಲಿ ಕರಗಬೇಕು, ನಾಲಿಗೆಯ ಅಂಚಿನಲ್ಲಿ ಹುಳಿಯೊಂದು ಚುರ್ ಅನ್ನಬೇಕು, ಅಷ್ಟರಲ್ಲಿ ಕೈ ತಾನಾಗಿಯೇ ಪೊಟ್ಟಣಕ್ಕೆ ವಾಪಸು ಹೋಗಿರಬೇಕು. ಕಾರ್ಖಾನೆಯಲ್ಲಿ ಇದಕ್ಕೊಂದು ಪರೀಕ್ಷೆಯೇ ಇತ್ತು. ಮಗುವಿನ ಮುಂದೆ ಬಟ್ಟಲಿಟ್ಟು, ಕೈ ಎಷ್ಟು ಸಲ ಬಟ್ಟಲಿಗೆ ಹೋಗಿ ಬಂತು ಎಂದು ಎಣಿಸುವುದು. ಢಮಾರ್ ಬಂದ ದಿನ ಎಣಿಸುವವನ ಕೈಯೇ ಬಟ್ಟಲಿಗೆ ಹೋಗಿ ಲೆಕ್ಕ ತಪ್ಪಿತ್ತು. ಮ್ಯಾನೇಜರು "ಭೇಷ್, ಭೇಷ್!" ಎಂದು ಬೆನ್ನು ತಟ್ಟಿದ್ದರು. ಅವರು ಎಲ್ಲದಕ್ಕೂ ಎರಡು ಸಲ ಭೇಷ್ ಅನ್ನುತ್ತಿದ್ದರಿಂದ ಅವರ ಹೆಸರೂ ಹಿಂದಿನಿಂದ 'ಭೇಷ್‌ಭೇಷ್' ಎಂದೇ ಆಗಿತ್ತು.

ಮನೆಯಲ್ಲಿ ಅವನ ಹೆಂಡತಿ ನಗರ ಬಸ್ಸಿನ ಡ್ರೈವರು. ದಿನವಿಡೀ ಹಾರನ್ನು ಒತ್ತಿ ಒತ್ತಿ ಅವಳ ಗಂಟಲಿಗೂ ಅದೇ ಅಭ್ಯಾಸ ಬಂದಿತ್ತು. ಎಂಟು ವರ್ಷದ ಮಗಳಿಗೆ ಮನೆಯಲ್ಲಿ ವಕೀಲಿ ಎಂದು ಹೆಸರು. ಹಲ್ಲುಜ್ಜು ಅಂದರೆ ಯಾಕೆ ಉಜ್ಜಬೇಕು, ಉಜ್ಜದಿದ್ದರೆ ಏನಾಗುತ್ತೆ, ಆದದ್ದನ್ನು ನೀನು ಕಣ್ಣಾರೆ ನೋಡಿದ್ದೀಯಾ ಎಂದು ಪಾಟೀಸವಾಲು ಹಾಕುವವಳು. ಅಪ್ಪ ಕಾರ್ಖಾನೆಯಿಂದ ತರುತ್ತಿದ್ದ ಮಾದರಿ ಪೊಟ್ಟಣಗಳು ಅಡುಗೆಮನೆಯ ಕಪಾಟಿನ ಮೇಲ್ಗಡೆ ಎರಡು ರಟ್ಟಿನ ಪೆಟ್ಟಿಗೆ ತುಂಬ ಇರುತ್ತಿದ್ದವು. ವಕೀಲಿ ದಿನಕ್ಕೆ ಎರಡು ಪೊಟ್ಟಣಕ್ಕೆ ವಾದ ಮಂಡಿಸಿ, ಮೂರು ಗೆದ್ದು, ನಾಲ್ಕು ತಿನ್ನುತ್ತಿದ್ದಳು.

ಅದರ ಫಲ ಬಚ್ಚಲುಮನೆಯಲ್ಲಿ ಕಾಣತೊಡಗಿತು. ಸಂಜೆ ಆರರಿಂದ ಏಳರವರೆಗೆ ವಕೀಲಿ ಒಳಗೆ, ಇಬ್ಬರೂ ಹೆತ್ತವರು ಹೊರಗೆ.

"ಆಯ್ತಾ?"

"ಇಲ್ಲ."

"ಸ್ವಲ್ಪ ತಿಣುಕು ಪುಟ್ಟಾ."

"ತಿಣುಕ್ತಾನೇ ಇದ್ದೀನಿ! ನೀವು ಬಾಗಿಲ ಹತ್ರ ನಿಂತ್ಕೊಂಡು ಒತ್ತಡ ಹಾಕಿದ್ರೆ ಅದು ಹೆದರ್ಕೊಂಡು ಒಳಗೇ ಹೋಗುತ್ತೆ!"

ನಾಲ್ಕನೆಯ ದಿನವೂ ಏನೂ ಇತ್ಯರ್ಥವಾಗದಿದ್ದಾಗ ತಾಯಿ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಾಯಿ ತೆರೆಸಿ ನಿಟ್ಟುಸಿರು ಬಿಟ್ಟರು. ಮೂರು ಹಲ್ಲು ಹುಳುಕು, ರಕ್ತ ಕಡಿಮೆ, ಹೊಟ್ಟೆಯಲ್ಲಿ ಗಾಳಿ ಮತ್ತು ಕಲ್ಲಿನಂಥ ಮಲ. "ಏನಮ್ಮ ಕೊಡ್ತೀರಿ ಇವಳಿಗೆ?" ಎಂದು ಕೇಳಿದರು. ತಾಯಿ ಬಾಯಿ ತೆರೆಯುವ ಮೊದಲೇ ವಕೀಲಿ, "ನಮ್ಮಪ್ಪನೇ ಮಾಡೋದು ಡಾಕ್ಟ್ರೇ, ತುಂಬಾ ಫೇಮಸ್ಸು" ಎಂದಳು.

ಆ ಸಂಜೆ ನಾಲಿಗೆರಾಯನಿಗೆ ಮಂಗಳಾರತಿಯಾಯಿತು. "ಊರ ಮಕ್ಕಳ ಬಾಯಿಗೆ ಏನು ಸುರೀತೀರೋ ನಾನು ಕೇಳಲಿಲ್ಲ. ನನ್ನ ಮಗಳು ನಾಲ್ಕು ದಿನದಿಂದ ಬಚ್ಚಲಲ್ಲಿ ತಪಸ್ಸು ಮಾಡ್ತಾ ಇದ್ದಾಳೆ! ನೀವು ತಿನ್ನೋದೇ ಇಲ್ಲ, ಉಗೀತೀರಿ. ಉಗಿಯೋಂಥದ್ದನ್ನ ಮಗೂಗೆ ತಿನ್ನಿಸ್ತೀರಲ್ಲ ರೀ!"

ಅವನು ಸ್ಟೂಲು ಎಳೆದುಕೊಂಡು ಹತ್ತಿದ. ಎರಡೂ ಪೆಟ್ಟಿಗೆ ಕಪಾಟಿನಿಂದಿಳಿದು ಮೆಟ್ಟಿಲ ಕೆಳಗಿನ ಗೂಡಿಗೆ ಹೋದವು.

ಅದೇ ವಾರ ಶಾಲೆಯಲ್ಲಿ ಹೆತ್ತವರ ಸಭೆ. ಹೆಡ್ ಮೇಡಂ ಕನ್ನಡಕ ಸರಿಮಾಡಿಕೊಂಡು, ಇನ್ನು ಮುಂದೆ ಶಾಲೆಗೆ ಪೊಟ್ಟಣದ ತಿಂಡಿ ತರುವಂತಿಲ್ಲ, ಹತ್ತು ಗಂಟೆಯ ಬಿಡುವಿನಲ್ಲಿ ಶಾಲೆಯೇ ಒಳ್ಳೆಯ ತಿಂಡಿ ಕೊಡುತ್ತದೆ, ಅದಕ್ಕೊಂದು ಸಮಿತಿ ಬೇಕು, ಯಾರು ಬರುತ್ತೀರಿ ಎಂದು ಕೇಳಿದರು. ಹೆತ್ತವರೆಲ್ಲ ಏಕಕಾಲಕ್ಕೆ ತಮ್ಮ ಚಪ್ಪಲಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾಲಿಗೆರಾಯನೂ ನೋಡುತ್ತಿದ್ದ. ಆಗ ಅವನ ಬಲಗೈ ಮೇಲೆದ್ದಿತು. ಗೇರು ಹಾಕುವ ಕೈಯೊಂದು ಅದನ್ನು ಮೊಣಕೈ ಹಿಡಿದು ಎತ್ತಿತ್ತು.

"ಓ, ಬನ್ನಿ ಬನ್ನಿ! ನಿಮಗೆ ಈ ಬಗ್ಗೆ ಏನಾದ್ರೂ ಅನುಭವ?"

"ಆಹಾರ ಕ್ಷೇತ್ರದಲ್ಲಿದ್ದೀನಿ ಮೇಡಂ," ಎಂದ ಅವನು. ಸುಳ್ಳಂತೂ ಅಲ್ಲ.

ಸಮಿತಿಯಲ್ಲಿ ಮೂವರು. ಹೆಡ್ ಮೇಡಂ, ಆಟದ ಟೀಚರು, ಅವನು. ಆಟದ ಟೀಚರನ್ನು ಮಕ್ಕಳು 'ಸೀಟಿ ಮಿಸ್' ಎಂದು ಕರೆಯುತ್ತಿದ್ದರು. ಅವರ ಕೊರಳಲ್ಲಿ ಸದಾ ಒಂದು ಸೀಟಿ. ಬೇಸರವಾದರೆ ಅದನ್ನೇ ಕಚ್ಚುತ್ತಿದ್ದರು. ಮೊದಲ ಪಟ್ಟಿಯನ್ನು ಹೆಡ್ ಮೇಡಂ ಒಬ್ಬರೇ ಬರೆದರು. ಸೋಮವಾರ ಬೇಯಿಸಿದ ಬೀಟ್‌ರೂಟು, ಮಂಗಳವಾರ ಬೇಯಿಸಿದ ಹೆಸರುಕಾಳು, ಬುಧವಾರ ಬೇಯಿಸಿದ ಕೋಸು. ಉಪ್ಪಿಲ್ಲ. ನಾಲಿಗೆರಾಯ ಮಾದರಿ ಬೀಟ್‌ರೂಟನ್ನು ಬಾಯಿಗೆ ಹಾಕಿಕೊಂಡು ಅಭ್ಯಾಸಬಲದಿಂದ ಉಗಿಯಲು ತೊಟ್ಟಿ ಹುಡುಕಿದ. ಹೆಡ್ ಮೇಡಂ ಅವನ ಮುಖವನ್ನೇ ನೋಡುತ್ತಿದ್ದರು. ನುಂಗಿದ.

ಸೋಮವಾರದ ಬೀಟ್‌ರೂಟನ್ನು ಒಂದು ಮಗುವೂ ತಿನ್ನಲಿಲ್ಲ, ಆದರೆ ಒಂದು ಹೋಳೂ ವ್ಯರ್ಥವಾಗಲಿಲ್ಲ. ಮೂರನೆಯ ತರಗತಿಯ ಹುಡುಗಿಯರೆಲ್ಲ ತುಟಿಗೆ ಬಳಿದುಕೊಂಡರು. ಹುಡುಗರು ಮೊಣಕಾಲಿಗೆ ಬಳಿದುಕೊಂಡು ಬಿದ್ದು ಗಾಯವಾಯಿತೆಂದು ನರಳುತ್ತ ಲೆಕ್ಕದ ಪಾಠ ತಪ್ಪಿಸಿಕೊಂಡರು. ಮೊಗಸಾಲೆಯಲ್ಲಿದ್ದ ಶಾಲಾ ಸ್ಥಾಪಕರ ಗಚ್ಚಿನ ಪ್ರತಿಮೆ ಮಧ್ಯಾಹ್ನದ ಹೊತ್ತಿಗೆ ಕೆಂಪು ತುಟಿ, ಕೆಂಪು ಕೆನ್ನೆ ಮಾಡಿಕೊಂಡು ಯಾರಿಗೋ ಕಾಯುವಂತೆ ನಿಂತಿತ್ತು. ಮಂಗಳವಾರದ ಹೆಸರುಕಾಳು ಪೆನ್ನಿನ ಖಾಲಿ ಕೊಳವೆಯಲ್ಲಿ ಊದಲು ಹೇಳಿ ಮಾಡಿಸಿದ ಗಾತ್ರ ಎಂಬುದನ್ನು ಐದನೆಯ ತರಗತಿ ಕಂಡುಹಿಡಿಯಿತು. ಒಂದು ಕಾಳು ಹೆಡ್ ಮೇಡಂ ಕನ್ನಡಕಕ್ಕೇ ಬಡಿಯಿತು. ಬುಧವಾರದ ಕೋಸಿನ ಬಗ್ಗೆ ಹೇಳದಿರುವುದೇ ಒಳ್ಳೆಯದು. ಅದರ ವಾಸನೆ ಶುಕ್ರವಾರದವರೆಗೂ ಇತ್ತು.

ಗುರುವಾರ ನಾಲಿಗೆರಾಯನಿಗೆ ಶಾಲೆಯಿಂದ ಫೋನು ಬಂತು. ಹೋಗಿ ನೋಡಿದರೆ ಹೆಡ್ ಮೇಡಂ ಮೇಜಿನ ಮೇಲೆ ಹದಿನೇಳು ಢಮಾರ್ ಪೊಟ್ಟಣ. ಮೇಜಿನ ಈಚೆ ವಕೀಲಿ, ಕೈ ಕಟ್ಟಿಕೊಂಡು, ತಲೆ ಮಾತ್ರ ತಗ್ಗಿಸದೆ.

"ಆಟದ ಸಾಮಾನಿನ ಕೋಣೆ ಹಿಂದೆ ಅಂಗಡಿ ಇಟ್ಟಿದ್ದಾಳೆ ನಿಮ್ಮ ಮಗಳು. ಐದು ನಕ್ಷತ್ರಕ್ಕೆ ಒಂದು ಪುಟ ಕಾಪಿ ಬರೆದು ಕೊಡಬೇಕಂತೆ. ಇಡೀ ವಾರ ಇವಳ ಹೋಂವರ್ಕು ಐದು ಜನರ ಕೈಬರಹದಲ್ಲಿದೆ!"

"ಮೇಡಂ, ಮಕ್ಕಳಿಗೆ ಹಸಿವಾಗಿತ್ತು," ಎಂದಳು ವಕೀಲಿ. "ಹಸಿದವರಿಗೆ ಕೊಡೋದು ತಪ್ಪಾ?"

"ನೀನು ಬಾಯಿ ಮುಚ್ಚು. ಇಷ್ಟೊಂದು ಪೊಟ್ಟಣ ಎಲ್ಲಿಂದ ಬಂತು?"

ನಾಲಿಗೆರಾಯನಿಗೆ ಹೊಳೆಯಿತು. ಮೆಟ್ಟಿಲ ಕೆಳಗಿನ ಗೂಡಿಗೆ ಬೀಗ ಹಾಕಿರಲಿಲ್ಲ. ಅವನು ಕೆಮ್ಮಿ, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ನಾನೇ ಮಾಡಿದ್ದು ಮೇಡಂ" ಎಂದ.

"ಏನು, ಪೊಟ್ಟಣ ಕದ್ದಿದ್ದಾ?"

"ಅಲ್ಲ. ತಿಂಡಿ."

ಬಾಗಿಲ ಬಳಿ ಸೀಟಿ ಮಿಸ್ ನಿಂತಿದ್ದರು. ಅವರ ಬಾಯಲ್ಲಿದ್ದ ಸೀಟಿ ತಾನಾಗಿ ಒಮ್ಮೆ ಪೀಂ ಅಂದಿತು. ಹೆಡ್ ಮೇಡಂ, "ಆಹಾರ ಕ್ಷೇತ್ರ!" ಎಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಆ ಮುಜುಗರದಲ್ಲಿ ಅವನ ಬಾಯಿಂದ ಒಂದು ಮಾತು ಜಾರಿತು. "ಎರಡು ವಾರ ಕೊಡಿ ಮೇಡಂ. ಮಕ್ಕಳು ಏನು ತಿಂತಾರೆ, ಯಾಕೆ ತಿಂತಾರೆ ಅನ್ನೋದು ನನಗೆ ಗೊತ್ತು. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದೀನಿ." ಹೆಡ್ ಮೇಡಂ ಒಪ್ಪಿದರು. ಕೋಸಿನ ವಾಸನೆ ಅವರ ಕೋಣೆಗೂ ಬರುತ್ತಿತ್ತು, ಅವರಿಗೂ ಬೇರೆ ದಾರಿ ಇರಲಿಲ್ಲ.

ಅವನು ರಜೆ ಹಾಕಿ ಶಾಲೆಯ ಕಟ್ಟೆಯ ಮೇಲೆ ಕೂತು ಮಕ್ಕಳನ್ನು ನೋಡತೊಡಗಿದ. ಮೊದಲ ಎರಡು ದಿನ ಏನೂ ಹೊಳೆಯಲಿಲ್ಲ. ಕಡಲೆಕಾಳು ಹುರಿಸಿದ. ಮೆತ್ತಗಿನದನ್ನು ಮಕ್ಕಳು ಮುಟ್ಟುವುದಿಲ್ಲ, ಹಲ್ಲಿಗೆ ಸದ್ದು ಬೇಕು ಎಂದು ಅವನ ಅನುಭವ ಹೇಳುತ್ತಿತ್ತು. ಸೌತೆಕಾಯಿಯನ್ನು ಬೆರಳುದ್ದ ಹೆಚ್ಚಿಸಿದ. ಕಾಲು ಭಾಗ ಮಕ್ಕಳು ತಿಂದರು, ಮುಕ್ಕಾಲು ಭಾಗ ಮೂಸಿ ಬಿಟ್ಟರು. ಮೂರನೆಯ ದಿನ ಮಧ್ಯಾಹ್ನ ಆಟದ ಪಿರಿಯಡ್ಡು ಮುಗಿಸಿ ಮೂರನೆಯ ತರಗತಿ ಬೆವರು ಸುರಿಸುತ್ತ ಓಡಿಬಂತು. ಬೆಳಿಗ್ಗೆ ಮಿಕ್ಕ ಸೌತೆಕಾಯಿ ಬುಟ್ಟಿಯಲ್ಲಿ ಬಾಡಿ ಕೂತಿತ್ತು. ಒಂದು ಹುಡುಗಿ ಯಾರ ಅಪ್ಪಣೆಗೂ ಕಾಯದೆ ಒಂದು ಹೋಳು ಎತ್ತಿದಳು. ಇನ್ನೊಬ್ಬಳು ಎರಡು. ಎರಡೇ ನಿಮಿಷದಲ್ಲಿ ಬುಟ್ಟಿಯ ತಳ ಕಂಡಿತು. ಇಬ್ಬರು ಹುಡುಗರು ಕೊನೆಯ ಹೋಳಿಗೆ ಜುಟ್ಟು ಹಿಡಿದುಕೊಂಡರು.

ನಾಲಿಗೆರಾಯ ಕಟ್ಟೆಯಿಂದ ಧುಮುಕಿ ಸೀಟಿ ಮಿಸ್ ಹತ್ತಿರ ಓಡಿದ.

"ಮಿಸ್, ಮಕ್ಕಳು ಮನೇಲಿ ತಿಂದು ಬರೋದು ಎಷ್ಟು ಗಂಟೆಗೆ?"

"ಎಂಟೂವರೆ."

"ನಾವು ತಿಂಡಿ ಕೊಡೋದು ಹತ್ತಕ್ಕೆ. ಅವಕ್ಕೆ ಹಸಿವೇ ಇಲ್ಲ! ಹಸಿವಿಲ್ಲದಾಗಲೂ ತಿನ್ನೋದು ಢಮಾರ್ ಒಂದೇ. ನಾನು ಅದನ್ನ ಹಂಗೇ ಮಾಡಿರೋದು."

ಸೀಟಿ ಮಿಸ್ ಸೀಟಿಯನ್ನು ಬಾಯಿಂದ ತೆಗೆದರು. "ಆಟ ಮೊದಲು, ತಿಂಡಿ ಆಮೇಲೆ ಅಂತೀರಾ? ಹನ್ನೊಂದಕ್ಕೆ? ಇದನ್ನ ಹೇಳೋಕೆ ನಾಲಿಗೆ ತಜ್ಞರು ಬೇಕಾಯ್ತಾ! ಐದು ವರ್ಷದಿಂದ ನಾನು ಬೆಳಿಗ್ಗೆ ಆಟ ಕೊಡಿ ಅಂತ ಬಡ್ಕೋತಾ ಇದ್ದೀನಿ."

ವೇಳಾಪಟ್ಟಿ ಬದಲಾಯಿತು. ಲೆಕ್ಕದ ಟೀಚರು ಮೂರು ದಿನ ಮುಖ ಊದಿಸಿಕೊಂಡಿದ್ದರು. ಮಕ್ಕಳು ಅರ್ಧ ಗಂಟೆ ಓಡಿ, ನಾಲಿಗೆ ಹೊರಹಾಕಿಕೊಂಡು ಬಂದು, ಹುರಿದ ಕಡಲೆ, ಸೌತೆ, ಸೇಬು, ಬೇಯಿಸಿದ ಮೊಟ್ಟೆ, ಯಾವುದಿದ್ದರೆ ಅದನ್ನು ತಿಂದವು. ಎಲ್ಲರೂ ಅಲ್ಲ. ಕೆಲವರು ಕೊನೆಯವರೆಗೂ ಮೂಸುವ ಪಕ್ಷದಲ್ಲೇ ಉಳಿದರು. ವಕೀಲಿ ಒಂದು ವಾರ ಉಪವಾಸ ಸತ್ಯಾಗ್ರಹ ಮಾಡಿ, ಎರಡನೆಯ ವಾರ ತನ್ನ ಪಾಲಿನ ಕಡಲೆಯನ್ನು ಪಕ್ಕದವಳ ಸೇಬಿಗೆ ಬದಲಾಯಿಸಿಕೊಂಡು ತಿಂದಳು. ವ್ಯಾಪಾರ ಇಲ್ಲದೆ ಅವಳಿಗೆ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಆ ಶನಿವಾರ ಬಚ್ಚಲುಮನೆಯೊಳಗಿಂದ "ಅಪ್ಪಾ! ಬಂತು!" ಎಂಬ ಜಯಘೋಷ ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ಕೈ ಕೈ ಹಿಡಿದುಕೊಂಡರು. ಮದುವೆಯ ಫೋಟೋದಲ್ಲೂ ಅವರು ಅಷ್ಟು ಖುಷಿಯಾಗಿ ಕಾಣುವುದಿಲ್ಲ.

ಸುದ್ದಿ ಕಾರ್ಖಾನೆಗೂ ಮುಟ್ಟಿತು. ಭೇಷ್‌ಭೇಷ್ ಬೈಯುತ್ತಾರೆಂದು ನಾಲಿಗೆರಾಯ ಹೆದರಿದ್ದ. ಅವರು ಕುರ್ಚಿಯಿಂದೆದ್ದು ಕೈ ಕುಲುಕಿದರು. "ಭೇಷ್, ಭೇಷ್! ಆರೋಗ್ಯ! ಈಗ ಎಲ್ಲಾ ಕಡೆ ಅದೇ ಮಾತು. ನಾವೂ ಮಾಡೋಣ. ಕ್ಯಾರೆಟ್ ಢಮಾರ್! ಪೊಟ್ಟಣ ಹಸಿರು, ಮೇಲೆ ದೊಡ್ಡ ಕ್ಯಾರೆಟ್ ಚಿತ್ರ, ಕೆಳಗೆ ನಿಮ್ಮ ಮಗಳ ಶಾಲೆ ಮಕ್ಕಳ ನಗು."

"ಒಳಗೆ ಕ್ಯಾರೆಟ್ ಎಷ್ಟು ಸಾರ್?"

"ಬಣ್ಣ ಬರೋಷ್ಟು."

ಅವನು ಮಾಡಿದ. ಇದನ್ನು ಮುಚ್ಚಿಡುವುದು ಬೇಡ. ಮಾಡಿದ, ಚೆನ್ನಾಗಿಯೇ ಮಾಡಿದ. ಬಟ್ಟಲುಗಳ ಮುಂದೆ ಕೂತರೆ ಅವನ ನಾಲಿಗೆ ಅವನ ಮಾತನ್ನು ಕೇಳುತ್ತಿರಲಿಲ್ಲ. ಒಂಬತ್ತನೆಯ ಪ್ರಯತ್ನಕ್ಕೆ ಹುಳಿ, ಉಪ್ಪು, ಸದ್ದು ಮೂರೂ ಹದಕ್ಕೆ ಬಂದು, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನು ಉಗಿಯುವುದನ್ನು ಮರೆತು ನುಂಗಿಬಿಟ್ಟ. ಆಮೇಲೆ ಇನ್ನೊಂದು. ಆಮೇಲೆ ಬಟ್ಟಲು ಖಾಲಿಯಾಗಿತ್ತು. ಅಲ್ಲಿಗೆ ಅವನಿಗೆ ಭಯವಾಯಿತು.

ಕ್ಯಾರೆಟ್ ಢಮಾರ್ ಬಿಡುಗಡೆಯ ಸಮಾರಂಭ ಶಾಲೆಯ ಸಭಾಂಗಣದಲ್ಲೇ ಆಯಿತು. ಶಾಲೆಯ ಸೋರುವ ಮಾಳಿಗೆಗೆ ಕಾರ್ಖಾನೆ ಹೊಸ ಹೊದಿಕೆ ಹಾಕಿಸಿಕೊಡುತ್ತದೆಂದು ಮಾತಾಗಿತ್ತು, ಹೆಡ್ ಮೇಡಂ ಬೇಡ ಅನ್ನಲಾರದೆ ಹೂಂ ಅಂದಿದ್ದರು. ವೇದಿಕೆಯ ಮೇಲೆ ಎರಡು ದೊಡ್ಡ ಪಾತ್ರೆ. ಒಂದರಲ್ಲಿ ಹುರಿದ ಕಡಲೆ, ಇನ್ನೊಂದರಲ್ಲಿ ಕ್ಯಾರೆಟ್ ಢಮಾರ್. ಮಕ್ಕಳು ಎರಡನ್ನೂ ತಿಂದು ನೋಡಿ ಇಷ್ಟವಾದದ್ದರ ಮುಂದೆ ಸಾಲು ನಿಲ್ಲಬೇಕು. ಭೇಷ್‌ಭೇಷ್ ಹೊಸ ಕೋಟು ಹಾಕಿ ಬಂದಿದ್ದರು.

ಢಮಾರ್ ಸಾಲು ಬಾಗಿಲು ದಾಟಿ ಮೆಟ್ಟಿಲಿಳಿದು ನಲ್ಲಿಯವರೆಗೆ ಹೋಯಿತು. ಕಡಲೆಯ ಮುಂದೆ ಆರು ಮಕ್ಕಳು ನಿಂತರು. ಅದರಲ್ಲಿ ಇಬ್ಬರು ತಪ್ಪಿ ನಿಂತವರು. ವಕೀಲಿ ಅಪ್ಪನ ಮುಖ ನೋಡಿ, ಕಡಲೆ ನೋಡಿ, ಢಮಾರ್ ನೋಡಿ, "ಸಾರಿ ಅಪ್ಪಾ" ಎಂದು ಹೇಳಿ ಉದ್ದನೆಯ ಸಾಲಿಗೆ ಹೋದಳು.

"ಭೇಷ್, ಭೇಷ್! ಮಕ್ಕಳ ತೀರ್ಪೇ ದೇವರ ತೀರ್ಪು!" ಎಂದು ಭೇಷ್‌ಭೇಷ್ ಮೈಕನ್ನು ಅವನ ಕೈಗೆ ಕೊಟ್ಟರು. "ಇದನ್ನ ತಯಾರಿಸಿದವರೇ ನಾಲ್ಕು ಮಾತಾಡಲಿ."

ಅವನಿಗೆ ಭಾಷಣ ಬಾರದು. ನಾಲಿಗೆಯಿಂದ ಅನ್ನ ಸಂಪಾದಿಸಿದವನಾದರೂ ಮಾತಿಗೆ ಅದನ್ನು ಬಳಸಿದವನಲ್ಲ. ಸಾಲಿನ ಮುಂದಿದ್ದ ಪುಟ್ಟ ಹುಡುಗಿಯ ಕೈ ಪಾತ್ರೆಗೆ ಹೋಗಿ ಬರುತ್ತಲೇ ಇತ್ತು. ಅವನು ಅರಿವಿಲ್ಲದೆ ಎಣಿಸುತ್ತಿದ್ದ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು.

"ಮಕ್ಕಳೇ, ತಪ್ಪು ನಿಮ್ಮದಲ್ಲ," ಎಂದ ಅವನು. "ಇದು ಚೆನ್ನಾಗಿದೆ. ಚೆನ್ನಾಗಿರಲೇಬೇಕು, ನಾನು ಒಂಬತ್ತು ಸಲ ಮಾಡಿದ್ದೀನಿ. ಆದರೆ ಇದನ್ನ ಹೊಟ್ಟೆ ತುಂಬದ ಹಾಗೆ ಮಾಡಿದ್ದೀನಿ. ಕಡಲೆ ಒಂದು ಹಿಡಿ ತಿಂದರೆ ಕೈ ನಿಲ್ಲುತ್ತೆ. ಇದರಲ್ಲಿ ಕೈ ನಿಲ್ಲೋದಿಲ್ಲ. ನಿಲ್ಲಬಾರದು ಅಂತಲೇ ನನ್ನ ಕೆಲಸ. ಇದರಲ್ಲಿ ಕ್ಯಾರೆಟ್ ಎಷ್ಟಿದೆ ಅಂದ್ರೆ..." ಅವನು ಕಿರುಬೆರಳಿನ ಉಗುರು ತೋರಿಸಿದ. "ಇಷ್ಟೂ ಇಲ್ಲ. ನಾಲ್ಕು ದಿನ ಇದನ್ನೇ ತಿಂದರೆ ಐದನೇ ದಿನ ಬಚ್ಚಲಲ್ಲಿ ಏನಾಗುತ್ತೆ ಅಂತ ನನ್ನ ಮಗಳನ್ನ ಕೇಳಿ."

"ಅಪ್ಪಾ!" ಎಂದು ಸಾಲಿನಿಂದ ಒಂದು ಕಿರುಚು ಬಂತು. ಸಭಾಂಗಣಕ್ಕೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ವಕೀಲಿ ಆಮೇಲೆ ಒಂದು ವಾರ ಅವನ ಜೊತೆ ಮಾತಾಡಲಿಲ್ಲ. ಭೇಷ್‌ಭೇಷ್ ಮುಖ ಹರಳೆಣ್ಣೆ ಕುಡಿದವರ ಹಾಗಾಗಿತ್ತು. ಭೇಷ್ ಎಂಬ ಮಾತು ಅವರ ಬಾಯಿಂದ ಒಂದು ಸಲವೂ ಹೊರಡಲಿಲ್ಲ. ಮಕ್ಕಳೇನೂ ಸಾಲು ಬದಲಾಯಿಸಲಿಲ್ಲ. ಪಾತ್ರೆ ಖಾಲಿಯಾಗುವವರೆಗೂ ತಿಂದು, ಕೇಸರಿ ಬೆರಳುಗಳನ್ನು ಗೋಡೆಗೆ ಒರೆಸಿ, ತರಗತಿಗೆ ಹೋದವು. ಆದರೆ ಹೆಡ್ ಮೇಡಂ ಎದ್ದು ನಿಂತು, ಸೋರುವ ಮಾಳಿಗೆಯಡಿ ಬಕೆಟ್ ಇಟ್ಟುಕೊಳ್ಳುತ್ತೇವೆ, ಈ ಪೊಟ್ಟಣ ಗೇಟಿನ ಒಳಗೆ ಬರುವುದು ಬೇಡ ಎಂದು ಮೈಕಿನಲ್ಲಿಯೇ ಹೇಳಿದರು. ಸೀಟಿ ಮಿಸ್ ಉದ್ದಕ್ಕೆ ಸೀಟಿ ಊದಿದರು.

ನಾಲಿಗೆರಾಯನನ್ನು ಕೆಲಸದಿಂದ ತೆಗೆಯಲಿಲ್ಲ, ಅಂಥ ನಾಲಿಗೆ ಬೇರೆ ಕಂಪನಿಗೆ ಹೋದರೆ ಅಪಾಯ. ಹಿಂದಿನ ಕಟ್ಟಡದ ನಾಯಿ ಬಿಸ್ಕತ್ತಿನ ವಿಭಾಗಕ್ಕೆ ಹಾಕಿದರು. ಅಲ್ಲಿ ಮೊದಲ ದಿನವೇ ಅವನು ಮಾದರಿ ಬಿಸ್ಕತ್ತನ್ನು ಅಗಿದು ನೋಡಿ, ಅಭ್ಯಾಸದಂತೆ, "ಉಪ್ಪು ಇನ್ನೊಂದು ಚೂರು ಏರಿಸಬಹುದು" ಎಂದು ಬರೆದ. ಆ ವಿಭಾಗದ ಪಶುವೈದ್ಯೆ ಕಾಗದ ಹಿಡಿದು ಓಡೋಡಿ ಬಂದಳು.

"ಏನ್ರೀ ಇದು? ಇಷ್ಟು ಉಪ್ಪು ಹಾಕಿದ್ರೆ ನಾಯಿ ಮೂತ್ರಪಿಂಡ ಏನಾಗಬೇಕು? ಬಣ್ಣನೂ ಹಾಕೋ ಹಾಗಿಲ್ಲ. ಹೊಟ್ಟೆ ತುಂಬೋ ಹಾಗಿರಬೇಕು. ನಾಯಿ ಅಂದ್ರೆ ಏನು ಅಂದ್ಕೊಂಡಿದ್ದೀರಿ?"

ಅವನು ತಾನು ಬರೆದ ಕಾಗದವನ್ನು ಮತ್ತೊಮ್ಮೆ ಓದಿದ. ಆಮೇಲೆ ನಗು ಶುರುವಾಯಿತು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಪಶುವೈದ್ಯೆ ಗಾಬರಿಯಾಗಿ ಅವನಿಗೂ ಒಂದು ಬಟ್ಟಲು ನೀರು ತಂದಿಟ್ಟಳು. ಅಲ್ಲಿ ಅವನು ಬಿಸ್ಕತ್ತನ್ನು ಉಗಿಯುವುದನ್ನು ಬಿಟ್ಟ. ನುಂಗಿದರೂ ಏನೂ ಆಗುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ, ಒಂದು ಸಂಜೆ, ಅವನೂ ವಕೀಲಿಯೂ ಪೇಟೆಗೆ ಹೋಗಿ ಬರುವಾಗ ಕೊನೆಯ ನಿಲ್ದಾಣದಲ್ಲಿ ಅವಳ ಅಮ್ಮನ ಬಸ್ಸು ಖಾಲಿ ನಿಂತಿತ್ತು. ಹಿಂದಿನ ಬಾಗಿಲಿನಿಂದ ಹತ್ತಿ ಹೆದರಿಸೋಣ ಎಂದು ಇಬ್ಬರೂ ತುದಿಗಾಲಲ್ಲಿ ಹೋದರು. ಡ್ರೈವರ್ ಸೀಟಿನಲ್ಲಿ ಅವಳು ಕಾಲು ಚಾಚಿ ಕೂತಿದ್ದಳು. ಸ್ಟೇರಿಂಗಿನ ಮೇಲೆ ಒಂದು ಢಮಾರ್ ಪೊಟ್ಟಣ ಬಾಯಿ ತೆರೆದು ಕೂತಿತ್ತು. ಕೈ ಹೋಗುತ್ತಿತ್ತು, ಬರುತ್ತಿತ್ತು. ಖಾಕಿ ಅಂಗಿಯ ಹೊಟ್ಟೆಯ ಮೇಲೆಲ್ಲ ಕೇಸರಿ ಪುಡಿ.

"ಅಮ್ಮಾ!" ಎಂದಳು ವಕೀಲಿ, ಜೀವಮಾನದ ಕೇಸು ಸಿಕ್ಕಿದವಳ ದನಿಯಲ್ಲಿ.

ಅಮ್ಮ ಬೆಚ್ಚಿ ಪೊಟ್ಟಣವನ್ನು ಸೀಟಿನ ಕೆಳಗೆ ತಳ್ಳಿದಳು. ಹಾರನ್ನು ಬೇರೆ ಒತ್ತಿಹೋಗಿ ಇಡೀ ನಿಲ್ದಾಣ ತಿರುಗಿ ನೋಡಿತು.

"ಎಷ್ಟು ದಿನದಿಂದ?" ಎಂದು ಕೇಳಿದ ಅವನು.

"ಹನ್ನೊಂದು ವರ್ಷ," ಎಂದಳು ಹೆಂಡತಿ, ಕಿಟಕಿಯ ಆಚೆ ನೋಡುತ್ತ. "ದಿನಕ್ಕೊಂದು. ಟ್ರಿಪ್ಪು ಮುಗಿದ ಮೇಲೆ. ನೋಡಿ, ಏನೂ ಹೇಳಬೇಡಿ. ಆರು ಗಂಟೆ ಹೊತ್ತು ಈ ಊರಿನ ಜನರನ್ನ ಹೊತ್ತು ತಿರುಗಿದ ಮೇಲೆ ಸೌತೆಕಾಯಿ ಸಾಕಾಗೋದಿಲ್ಲ."

ವಕೀಲಿ ಬೆರಳು ಮಡಚಿ ಆರೋಪಗಳನ್ನು ಒಂದೊಂದಾಗಿ ಓದತೊಡಗಿದಳು. ನಾಲಿಗೆರಾಯನಿಗೆ ಅದೊಂದೂ ಕೇಳಿಸಲಿಲ್ಲ. ಸಿಟ್ಟು ಬರಬೇಕಿತ್ತು, ನಗುವಾದರೂ ಬರಬೇಕಿತ್ತು. ಅವನು ಬಗ್ಗಿ ಸೀಟಿನ ಕೆಳಗಿನಿಂದ ಪೊಟ್ಟಣ ತೆಗೆದು, ಅವಳ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕೂತು, ನಾಚಿಕೆಯಿಲ್ಲದ ಕುತೂಹಲದಿಂದ ತಗ್ಗಿದ ದನಿಯಲ್ಲಿ ಕೇಳಿದ:

"ಹುಳಿ ಸರಿಯಾಗಿದೆಯಾ?"

ಅವಳು ಮಗಳ ಕಡೆ ಒಮ್ಮೆ ನೋಡಿ, ಅವನ ಕಡೆ ಬಾಗಿ, ಅಷ್ಟೇ ಮೆಲ್ಲಗೆ ಹೇಳಿದಳು:

"ನೀವು ಬಿಟ್ಟ ಮೇಲೆ ಕೆಟ್ಟುಹೋಗಿದೆ ರೀ."

ಅವನು ಪೊಟ್ಟಣವನ್ನು ಅವಳ ಕೈಗೆ ವಾಪಸು ಕೊಟ್ಟ. ಮನೆಗೆ ಹೋಗುವ ದಾರಿಯುದ್ದಕ್ಕೂ ಮಗಳಿಗೆ ಕಾಣದ ಹಾಗೆ ಮುಗುಳ್ನಗುತ್ತಲೇ ಇದ್ದ.